ತಪ್ಪನ್ನು ‘ಡೂ’ ಮಾಡಬೇಕೋ, ‘ಮೇಕ್’ ಮಾಡಬೇಕೋ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಓದಿದ್ದೆಲ್ಲಾ ಕನ್ನಡ ಮಾಧ್ಯಮದಲ್ಲಿ. ಈಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಇಂಗ್ಲಿಷ್ ವ್ಯಾಕರಣ ಕಲಿತಿದ್ದೇನೆ. ಪದಗಳ ಪಟ್ಟಿ ಮಾಡಿ ಉರು ಹೊಡೆದಿದ್ದೇನೆ. ಆದರೂ ನಾನು ಬರೆದ ವಾಕ್ಯಕ್ಕೆ ಕೆಂಪು ಗೆರೆ ಬೀಳುತ್ತದೆ. ‘ಐ ಡಿಡ್ ಎ ಮಿಸ್ಟೇಕ್’ ತಪ್ಪಂತೆ. ‘ದೇರ್ ವಾಸ್ ಬಿಗ್ ರೇನ್ ಇನ್ ಗದಗ’ ತಪ್ಪಂತೆ. ‘ಮೈ ಫಾದರ್ ಡಿಡ್ ಎ ಲೋನ್ ಫಾರ್ ದ ಬೋರ್‌ವೆಲ್’ ಅಂತ ಬರೆದಾಗ ಜೊತೆಯವರೆಲ್ಲಾ ನಕ್ಕರು. ಯಾಕೆ ತಪ್ಪು ಅಂತ ಕೇಳಿದರೆ ‘ಇಂಗ್ಲಿಷಲ್ಲಿ ಹಾಗೆ ಅನ್ನಲ್ಲ’ ಅಂತಾರೆ, ಅಷ್ಟೇ. ಇದಕ್ಕೆ ನಿಯಮ ಇಲ್ವಾ? ಎಲ್ಲಾ ಬಾಯಿಪಾಠ ಮಾಡಬೇಕಾ?

ಉತ್ತರ: ನಿಯಮ ಸ್ವಲ್ಪ ಇದೆ, ರೂಢಿ ಜಾಸ್ತಿ ಇದೆ. ಹಾಗಂತ ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಅರ್ಧಕ್ಕರ್ಧ ನಿಮಗೆ ಈಗಾಗಲೇ ಬರುತ್ತದೆ. ಅದು ಹೇಗೆ ಅಂತ ಮುಂದೆ ತೋರಿಸುತ್ತೇನೆ.

ಮೊದಲು ಒಂದು ಮಾತು. ನಕ್ಕವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮೂರು ವಾಕ್ಯಗಳಲ್ಲಿ ಕರ್ತೃ, ಕಾಲ, ಪದಗಳ ಕ್ರಮ ಎಲ್ಲಾ ನೆಟ್ಟಗಿವೆ. ಕಲಿತ ವ್ಯಾಕರಣ ವ್ಯರ್ಥವಾಗಿಲ್ಲ. ಎಡವಿರುವುದು ಪದಗಳ ಜೋಡಿಯಲ್ಲಿ. ಮಿಸ್ಟೇಕ್ ಜೊತೆ ಮೇಕ್ ಬರಬೇಕು, ರೇನ್ ಜೊತೆ ಹೆವಿ ಬರಬೇಕು, ಲೋನ್ ಜೊತೆ ಟೇಕ್ ಔಟ್ ಬರಬೇಕು. ‘ಐ ಮೇಡ್ ಎ ಮಿಸ್ಟೇಕ್.’ ‘ದೇರ್ ವಾಸ್ ಹೆವಿ ರೇನ್ ಇನ್ ಗದಗ.’ ‘ಮೈ ಫಾದರ್ ಟುಕ್ ಔಟ್ ಎ ಲೋನ್ ಟು ಡ್ರಿಲ್ ಎ ಬೋರ್‌ವೆಲ್.’ ಕೊನೆಯದರಲ್ಲಿ ಇನ್ನೊಂದು ಜೋಡಿ ಸೇರಿಸಿದ್ದೇನೆ, ನೋಡಿ. ನಾವು ಬೋರ್ ಹೊಡೆಸುತ್ತೇವೆ. ಇಂಗ್ಲಿಷ್‌ನಲ್ಲಿ ಬೋರ್‌ವೆಲ್‌ಗೆ ಡ್ರಿಲ್ ಬೇಕು.

ಇಂಥ ಜೋಡಿಗಳಿಗೆ ಕೊಲೊಕೇಶನ್ ಅಂತ ಹೆಸರು. ಇವನ್ನು ಕಲಿಕೆಯ ದೃಷ್ಟಿಯಿಂದ ಮೊದಲು ಗಂಭೀರವಾಗಿ ಕಲೆಹಾಕಿದವರಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಹೆರಾಲ್ಡ್ ಪಾಮರ್ ಮುಖ್ಯರು. ಅವರು ಆ ಕೆಲಸ ಮಾಡಿದ್ದು ಇಂಗ್ಲೆಂಡಿನಲ್ಲಿ ಕೂತಲ್ಲ, ಟೋಕಿಯೋದಲ್ಲಿ. 1922ರಲ್ಲಿ ಜಪಾನಿಗೆ ಹೋದ ಅವರು ಅಲ್ಲಿನ ವಿದ್ಯಾರ್ಥಿಗಳ ಇಂಗ್ಲಿಷ್ ನೋಡಿದರು. ವ್ಯಾಕರಣ ಗೊತ್ತು, ಪದ ಗೊತ್ತು, ಆದರೂ ವಾಕ್ಯ ಕೂಡುವುದಿಲ್ಲ. ಥೇಟ್ ನಿಮ್ಮದೇ ತೊಂದರೆ. 1933ರಲ್ಲಿ ಇಂಗ್ಲಿಷ್ ಕೊಲೊಕೇಶನ್‌ಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಅವರ ಜೊತೆ ಕೆಲಸ ಮಾಡಿದ ಎ. ಎಸ್. ಹಾರ್ನ್‌ಬಿ ಕಲಿಯುವವರಿಗಾಗಿಯೇ ಒಂದು ನಿಘಂಟು ಮಾಡಿದರು. ಅದು ಮೊದಲು ಅಚ್ಚಾದದ್ದು 1942ರಲ್ಲಿ, ಅದೂ ಜಪಾನಿನಲ್ಲೇ. ಈಗ ಆಕ್ಸ್‌ಫರ್ಡ್ ಹೆಸರಿನಲ್ಲಿ ಕಾಲೇಜು ಹುಡುಗರ ಕೈಯಲ್ಲಿರುವ ಕಲಿಕೆಯ ನಿಘಂಟಿನ ಮೂಲ ಅದೇ. ಇದನ್ನು ಯಾಕೆ ಹೇಳಿದೆ ಅಂದರೆ, ಮನೆಯಲ್ಲಿ ಇಂಗ್ಲಿಷ್ ಆಡುವವರಿಗೆ ಈ ಜೋಡಿಗಳು ಕಣ್ಣಿಗೇ ಬೀಳುವುದಿಲ್ಲ. ಹೊರಗಿನಿಂದ ಬಂದು ಕಲಿಯುವವರು ಎಡವಿದಾಗಲೇ ಇವು ಕಾಣುತ್ತವೆ.

ನಮಗೂ ನಮ್ಮ ಕನ್ನಡದ ಜೋಡಿಗಳು ಕಾಣುವುದಿಲ್ಲ. ‘ಜೋರು’ ಅನ್ನುವ ಒಂದೇ ಪದ ತಗೊಳ್ಳಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ, ಜೋರು ನೋವು, ಜೋರು ವ್ಯಾಪಾರ. ಆರಕ್ಕೂ ಒಂದೇ ಪದ ಸಾಕು. ಇಂಗ್ಲಿಷ್ ಇಲ್ಲಿ ಆರು ಪದ ಕೇಳುತ್ತದೆ: ಹೆವಿ ರೇನ್, ಸ್ಟ್ರಾಂಗ್ ವಿಂಡ್, ಹೈ ಫೀವರ್, ಲೌಡ್ ವಾಯ್ಸ್, ಸಿವಿಯರ್ ಪೇನ್, ಬ್ರಿಸ್ಕ್ ಬಿಸಿನೆಸ್. ಮಳೆ ಯಾಕೆ ಹೆವಿ, ಗಾಳಿ ಯಾಕೆ ಸ್ಟ್ರಾಂಗ್ ಅಂದರೆ ಉತ್ತರ ಇಲ್ಲ. ನಮ್ಮಲ್ಲೂ ಹಾಗೇ ಅಲ್ವಾ? ‘ಕಡಕ್’ ಅನ್ನುವುದು ಚಹಾಕ್ಕೂ ಬರುತ್ತದೆ, ರೊಟ್ಟಿಗೂ ಬರುತ್ತದೆ, ಸಾಹೇಬರಿಗೂ ಬರುತ್ತದೆ. ಇಂಗ್ಲಿಷ್‌ನಲ್ಲಿ ಚಹಾ ಸ್ಟ್ರಾಂಗ್, ರೊಟ್ಟಿ ಕ್ರಿಸ್ಪ್, ಸಾಹೇಬರು ಸ್ಟ್ರಿಕ್ಟ್. ಭಾಷಾತಜ್ಞ ಹ್ಯಾಲಿಡೇ 1966ರಲ್ಲಿ ಇದೇ ಚಹಾವನ್ನೇ ಉದಾಹರಣೆಯಾಗಿ ಕೊಟ್ಟಿದ್ದರು. ಸ್ಟ್ರಾಂಗ್ ಅಂದರೂ ಪವರ್‌ಫುಲ್ ಅಂದರೂ ಅರ್ಥ ಹತ್ತಿರವೇ. ಆದರೂ ಚಹಾ ಸ್ಟ್ರಾಂಗ್ ಆಗುತ್ತದೆ, ಪವರ್‌ಫುಲ್ ಆಗುವುದಿಲ್ಲ. ಕಾರು ಪವರ್‌ಫುಲ್ ಆಗುತ್ತದೆ.

ಜೋಡಿ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ. ಒಂದು ಪದ ಎಂಥದ್ದು ಅಂತ ಅದರ ಸಹವಾಸ ನೋಡಿ ತಿಳಿಯಬೇಕು ಅಂತ ಭಾಷಾತಜ್ಞ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ನಿಮಗೆ ಬೇಕಾದ ಬ್ಯಾಂಕಿನ ಪದವನ್ನೇ ನೋಡೋಣ. ಇಂಟರೆಸ್ಟ್ ಅಂದರೆ ಬಡ್ಡಿಯೂ ಹೌದು, ಆಸಕ್ತಿಯೂ ಹೌದು. ಯಾವುದು ಅಂತ ಗೊತ್ತಾಗುವುದು ಹೇಗೆ? ಪಕ್ಕದ ಕ್ರಿಯಾಪದದಿಂದ. ಚಾರ್ಜ್ ಇಂಟರೆಸ್ಟ್, ಪೇ ಇಂಟರೆಸ್ಟ್, ಅರ್ನ್ ಇಂಟರೆಸ್ಟ್ ಅಂದರೆ ಬಡ್ಡಿ. ಶೋ ಇಂಟರೆಸ್ಟ್, ಲೂಸ್ ಇಂಟರೆಸ್ಟ್, ಟೇಕ್ ಆ್ಯನ್ ಇಂಟರೆಸ್ಟ್ ಅಂದರೆ ಆಸಕ್ತಿ. ‘ದ ಬ್ಯಾಂಕ್ ಚಾರ್ಜಸ್ ಇಂಟರೆಸ್ಟ್ ಆನ್ ದ ಲೋನ್’ ಅಂದಾಗ ಯಾರಿಗೂ ಗೊಂದಲ ಆಗುವುದಿಲ್ಲ. ಪದದ ಅರ್ಥವನ್ನು ಒಂಟಿಯಾಗಿ ಉರು ಹೊಡೆದವರು ಇಲ್ಲೇ ಸಿಕ್ಕಿಬೀಳುತ್ತಾರೆ. ನೀವು ಮಾಡಿದ ಪದಗಳ ಪಟ್ಟಿಯ ಕೊರತೆಯೂ ಇದೇ. ಅದರಲ್ಲಿ ಪದ ಇದೆ, ಅದರ ಜೊತೆಗಾರ ಇಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ವಾಕ್ಯ ಕಟ್ಟುವಾಗ ನಾವು ಕನ್ನಡದ ಕ್ರಿಯಾಪದವನ್ನು ಹಿಡಿದುಕೊಂಡು ಹೊರಡುತ್ತೇವೆ. ತಪ್ಪು ಮಾಡಿದೆ, ಮಾಡಿದೆ ಅಂದರೆ ಡಿಡ್, ಹಾಗಾಗಿ ಡಿಡ್ ಎ ಮಿಸ್ಟೇಕ್. ಇದನ್ನು ತಿರುಗಿಸಿ. ಮೊದಲು ಹೆಸರುಪದ ಹಿಡಿಯಿರಿ. ಮಿಸ್ಟೇಕ್ ಅನ್ನುವ ಪದ ಯಾವ ಕ್ರಿಯಾಪದವನ್ನು ಬಯಸುತ್ತದೆ ಅಂತ ಕೇಳಿ. ಇಂಗ್ಲಿಷ್ ಜೋಡಿಗಳಲ್ಲಿ ಯಜಮಾನಿಕೆ ಹೆಸರುಪದದ್ದು. ಕ್ರಿಯಾಪದ ಅದು ಹೇಳಿದ ಹಾಗೆ ಕೇಳುತ್ತದೆ. ಇದೊಂದು ಅಭ್ಯಾಸ ಬಂದರೆ ಬಹುಪಾಲು ತಪ್ಪು ಕಮ್ಮಿಯಾಗುತ್ತದೆ.

ಕನ್ನಡದವರಿಗೆ ಇದರಲ್ಲಿ ದೊಡ್ಡ ತೊಡಕು ‘ಮಾಡು’. ನಮ್ಮ ಮಾಡು ಎಲ್ಲಾ ಕಡೆಗೂ ಹೋಗುತ್ತದೆ. ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು, ಸಾಲ ಮಾಡು, ಜಗಳ ಮಾಡು, ಹಟ ಮಾಡು, ಅಪರಾಧ ಮಾಡು, ಭಾಷಣ ಮಾಡು. ಇವನ್ನು ಇಂಗ್ಲಿಷ್ ಮಾಡಿದರೆ: ಹ್ಯಾವ್ ಲಂಚ್, ಹ್ಯಾವ್ ಎ ಬಾತ್, ಮೇಕ್ ಎ ಕಾಲ್, ಟೇಕ್ ಔಟ್ ಎ ಲೋನ್, ಹ್ಯಾವ್ ಎ ಕ್ವಾರಲ್, ಥ್ರೋ ಎ ಟ್ಯಾಂಟ್ರಮ್, ಕಮಿಟ್ ಎ ಕ್ರೈಮ್, ಗಿವ್ ಎ ಸ್ಪೀಚ್. ಇಷ್ಟು ಉದ್ದದ ಸಾಲಿನಲ್ಲಿ ಡೂ ಒಂದು ಸಲವೂ ಬರಲಿಲ್ಲ! ಆದ್ದರಿಂದ ಮಾಡು ಅಂದರೆ ಡೂ ಅನ್ನುವ ಸಮೀಕರಣವನ್ನು ತಲೆಯಿಂದ ತೆಗೆದುಬಿಡಿ. ನಿಮ್ಮ ಎಲ್ಲಾ ತೊಂದರೆಗಳಲ್ಲಿ ಇದು ಮೊದಲನೆಯದು ಅಂತ ನನ್ನ ಅಭಿಪ್ರಾಯ.

ಡೂ ಮತ್ತು ಮೇಕ್ ನಡುವೆ ಒಂದು ಮಟ್ಟಿಗೆ ನಿಯಮ ಇದೆ. ಕೆಲಸ, ಕರ್ತವ್ಯ, ಚಟುವಟಿಕೆ ಅನ್ನುವಂಥದ್ದಕ್ಕೆ ಡೂ. ಡೂ ಹೋಮ್‌ವರ್ಕ್, ಡೂ ಎ ಜಾಬ್, ಡೂ ರಿಸರ್ಚ್, ಡೂ ಎಕ್ಸರ್ಸೈಜ್, ಡೂ ದ ಡಿಶಸ್, ಡೂ ಬಿಸಿನೆಸ್. ಕೊನೆಗೆ ಏನೋ ಒಂದು ಹೊಸದಾಗಿ ಹುಟ್ಟಿತು ಅಂದರೆ ಮೇಕ್. ಮೇಕ್ ಟೀ, ಮೇಕ್ ಎ ಪ್ಲಾನ್, ಮೇಕ್ ಎ ಲಿಸ್ಟ್, ಮೇಕ್ ಎ ನಾಯ್ಸ್, ಮೇಕ್ ಎ ಪ್ರಾಮಿಸ್, ಮೇಕ್ ಎ ಡಿಸಿಷನ್. ಇದೇ ಲೆಕ್ಕದಲ್ಲಿ ಒಬ್ಬ ವ್ಯಾಪಾರಿ ಹುಬ್ಬಳ್ಳಿಯಲ್ಲಿ ಬಿಸಿನೆಸ್ ‘ಡೂ’ ಮಾಡುತ್ತಾನೆ, ಅದರಿಂದ ಪ್ರಾಫಿಟ್ ‘ಮೇಕ್’ ಮಾಡುತ್ತಾನೆ. ‘ಹಿ ಡಸ್ ಬಿಸಿನೆಸ್ ಇನ್ ಹುಬ್ಬಳ್ಳಿ ಅಂಡ್ ಮೇಕ್ಸ್ ಎ ಗುಡ್ ಪ್ರಾಫಿಟ್.’ ಮಿಸ್ಟೇಕ್ ಕೂಡ ನಮ್ಮ ಕೈಯಿಂದ ಹುಟ್ಟಿದ ವಸ್ತು ಅಂತ ಎಣಿಸಿ, ಮೇಕ್ ನೆನಪಿರುತ್ತದೆ.

ಆದರೆ ಈ ನಿಯಮ ಎಲ್ಲಾ ಕಡೆ ದಾರಿ ತೋರಿಸುವುದಿಲ್ಲ. ಮೇಕ್ ದ ಬೆಡ್ ಅಂದರೆ ಹಾಸಿಗೆ ಸರಿಪಡಿಸುವುದು, ಹೊಸ ಮಂಚ ಮಾಡುವುದಲ್ಲ. ಡೂ ಎ ಫೇವರ್, ಡೂ ಹಾರ್ಮ್ ಅನ್ನುತ್ತಾರೆ, ಅಲ್ಲೂ ಏನೋ ಹುಟ್ಟುತ್ತದಲ್ಲ ಅಂದರೆ ಕೇಳುವವರಿಲ್ಲ. ಇಂಥವನ್ನು ಇದ್ದ ಹಾಗೆ ತಗೊಳ್ಳಬೇಕು. ನಾವು ದೀಪ ಹಚ್ಚುತ್ತೇವೆ, ಬೀಡಿ ಹೊತ್ತಿಸುತ್ತೇವೆ. ಯಾಕೆ ಅಂತ ಯಾರಾದರೂ ಕೇಳಿದ್ದಾರಾ?

ಹಚ್ಚು ಅಂದಾಗ ನೆನಪಾಯಿತು. ನಮ್ಮ ಹುಬ್ಬಳ್ಳಿ–ಧಾರವಾಡದ ಕಡೆಯವರಿಗೆ ‘ಮಾಡು’ ಜೊತೆ ಇನ್ನೆರಡು ಪದಗಳು ಕಾಟ ಕೊಡುತ್ತವೆ, ಹಚ್ಚು ಮತ್ತು ಹೊಡಿ. ಬೆಂಗಳೂರು, ಮೈಸೂರಿನ ಕಡೆ ಫೋನ್ ಮಾಡುತ್ತಾರೆ, ನಾವು ಫೋನ್ ಹಚ್ಚುತ್ತೇವೆ. ಫ್ಯಾನ್ ಹಚ್ಚುತ್ತೇವೆ, ಟಿವಿ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಆಳನ್ನು ಕೆಲಸಕ್ಕೆ ಹಚ್ಚುತ್ತೇವೆ. ಇಂಗ್ಲಿಷಿಗೆ ಬಂದರೆ ಮೇಕ್ ಎ ಕಾಲ್, ಟರ್ನ್ ಆನ್ ದ ಫ್ಯಾನ್, ಅಪ್ಲೈ ಆಯಿಲ್, ಪುಟ್ ಸಮ್‌ಒನ್ ಟು ವರ್ಕ್. ‘ಹೊಡಿ’ ಇನ್ನೂ ವಿಶಾಲ. ಗಾಡಿ ಹೊಡಿ ಅಂದರೆ ಡ್ರೈವ್. ಫೋಟೊ ಹೊಡಿ ಅಂದರೆ ಟೇಕ್ ಎ ಫೋಟೊ. ರಂಟೆ ಹೊಡಿ ಅಂದರೆ ಪ್ಲೌ ದ ಫೀಲ್ಡ್. ಬೆಳೆಗೆ ಔಷಧ ಹೊಡಿ ಅಂದರೆ ಸ್ಪ್ರೇ ಪೆಸ್ಟಿಸೈಡ್. ಗೋಡೆಗೆ ಬಣ್ಣ ಹೊಡಿ ಅಂದರೆ ಪೇಂಟ್ ದ ವಾಲ್. ಈ ಪದಗಳು ನಮ್ಮ ಮಾತಿನ ಸಿರಿವಂತಿಕೆ. ಇವನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಹಚ್ಚು, ಹೊಡಿ, ಮಾಡು ಈ ಮೂರು ಮನಸ್ಸಿಗೆ ಬಂದ ಕೂಡಲೇ ಒಂದು ಕ್ಷಣ ನಿಲ್ಲಿ. ಪಕ್ಕದ ಹೆಸರುಪದ ಯಾವುದು ನೋಡಿ. ಆಮೇಲೆ ಇಂಗ್ಲಿಷ್ ಕ್ರಿಯಾಪದ ಹುಡುಕಿ.

ಈಗ ಸಂತೋಷದ ವಿಷಯ. ಎಷ್ಟೋ ಕಡೆ ಕನ್ನಡ, ಇಂಗ್ಲಿಷ್ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಜ್ಯುಬಿಲಿ ಸರ್ಕಲ್‌ನಲ್ಲಿ ನೀವು ಬಸ್ ಹಿಡಿಯುತ್ತೀರಿ, ಕ್ಯಾಚ್ ಎ ಬಸ್. ದಾಖಲೆ ಮುರಿಯುತ್ತಾರೆ, ಬ್ರೇಕ್ ಎ ರೆಕಾರ್ಡ್. ಮೌನ ಮುರಿಯುತ್ತಾರೆ, ಬ್ರೇಕ್ ದ ಸೈಲೆನ್ಸ್. ಜೀವ ಉಳಿಸುತ್ತಾರೆ, ಸೇವ್ ಎ ಲೈಫ್. ಖಾತೆ ತೆರೆಯುತ್ತಾರೆ, ಓಪನ್ ಆ್ಯನ್ ಅಕೌಂಟ್. ಬಾಗಿಲು ಬಡಿಯುತ್ತಾರೆ, ನಾಕ್ ಆನ್ ದ ಡೋರ್. ಇವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ. ನಿಮಗೆ ಅರ್ಧಕ್ಕರ್ಧ ಬರುತ್ತದೆ ಅಂದದ್ದು ಇದನ್ನೇ. ಪುಸ್ತಕದಲ್ಲಿ ಸಾವಿರ ಜೋಡಿಗಳ ಪಟ್ಟಿ ಸಿಕ್ಕರೆ ಮೊದಲು ಇಂಥವನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಉಳಿದದ್ದು ಮಾತ್ರ ನಿಮ್ಮ ಕೆಲಸ.

ಕೆಲವು ಕಡೆ ಪದ ಒಂದೇ, ಆದರೆ ದಿಕ್ಕು ಉಲ್ಟಾ. ಕನ್ನಡದಲ್ಲಿ ನೆಗಡಿ ನಮ್ಮನ್ನು ಹಿಡಿಯುತ್ತದೆ. ಇಂಗ್ಲಿಷ್‌ನಲ್ಲಿ ನಾವೇ ನೆಗಡಿಯನ್ನು ಹಿಡಿಯುತ್ತೇವೆ, ಐ ಕಾಟ್ ಎ ಕೋಲ್ಡ್. ನಮಗೆ ಬಸ್ ತಪ್ಪುತ್ತದೆ, ಅವರು ಬಸ್ಸನ್ನು ತಪ್ಪಿಸಿಕೊಳ್ಳುತ್ತಾರೆ, ಐ ಮಿಸ್ಡ್ ದ ಬಸ್. ‘ದ ಬಸ್ ಮಿಸ್ಡ್ ಮಿ’ ಅಂತ ಬರೆದ ಉತ್ತರಪತ್ರಿಕೆಗಳು ನನ್ನ ಕೈಗೆ ಬಂದಿವೆ. ಹಾಗೆ ಬರೆದ ಮಕ್ಕಳು ದಡ್ಡರಲ್ಲ. ಕನ್ನಡದ ತರ್ಕ ಅವರ ಕೈ ಹಿಡಿದು ನಡೆಸಿದೆ ಅಷ್ಟೇ. ಇನ್ನು ಬಸ್ ಹತ್ತುವುದಕ್ಕೆ ಕ್ಲೈಂಬ್ ಬೇಡ, ಗೆಟ್ ಆನ್ ಸಾಕು. ಇಳಿಯುವುದಕ್ಕೆ ಗೆಟ್ ಆಫ್. ಕಾರಿಗಾದರೆ ಗೆಟ್ ಇನ್, ಗೆಟ್ ಔಟ್.

ಪರೀಕ್ಷೆಯ ದೃಷ್ಟಿಯಿಂದ ನೀವು ಜಾಸ್ತಿ ಸಮಯ ಕೊಡಬೇಕಾದದ್ದು ದುಡ್ಡಿನ ಪದಗಳಿಗೆ. ಬ್ಯಾಂಕ್ ಪರೀಕ್ಷೆಯ ಕ್ಲೋಜ್ ಟೆಸ್ಟ್‌ನಲ್ಲಿ, ಖಾಲಿ ಜಾಗ ತುಂಬುವಲ್ಲಿ, ಆಮೇಲೆ ಸಂದರ್ಶನದಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಲೋನ್ ಅನ್ನುವ ಪದವನ್ನು ನಡುವೆ ಇಟ್ಟುಕೊಳ್ಳಿ. ಸಾಲಕ್ಕೆ ಅರ್ಜಿ ಹಾಕಿದರೆ ಅಪ್ಲೈ ಫಾರ್ ಎ ಲೋನ್. ಬ್ಯಾಂಕು ಒಪ್ಪಿದರೆ ಸ್ಯಾಂಕ್ಷನ್ ಅಥವಾ ಅಪ್ರೂವ್ ಎ ಲೋನ್. ಹಣ ಕೈಗೆ ಬಂದರೆ ಡಿಸ್ಬರ್ಸ್. ತೀರಿಸಿದರೆ ರಿಪೇ, ಪೂರ್ತಿ ಮುಗಿಸಿದರೆ ಪೇ ಆಫ್. ಕಂತು ಕಟ್ಟದೆ ನಿಂತರೆ ಡಿಫಾಲ್ಟ್ ಆನ್ ಎ ಲೋನ್, ಇಲ್ಲಿ ‘ಆನ್’ ಬಿಡಬೇಡಿ. ರೈತರಿಗೆ ಸಾಲ ಮನ್ನಾ ಆದರೆ ವೇವ್ ಎ ಲೋನ್. ರೈಟ್ ಆಫ್ ಎ ಲೋನ್ ಅನ್ನುವುದು ಬೇರೆ. ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಆ ಸಾಲವನ್ನು ತೆಗೆಯುತ್ತದೆ, ಆದರೆ ಸಾಲಗಾರ ಕೊಡಬೇಕಾದದ್ದು ಹಾಗೇ ಉಳಿಯುತ್ತದೆ, ವಸೂಲಿ ಪ್ರಯತ್ನ ನಡೆಯುತ್ತದೆ. ಟಿವಿ ಚರ್ಚೆಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ಸಂದರ್ಶನದಲ್ಲಿ ನೀವು ಕಲಸಬೇಡಿ. ಒಂದು ಜೋಡಿ ತಪ್ಪಿದರೆ ಇಲ್ಲಿ ಬರೀ ಭಾಷೆ ತಪ್ಪುವುದಿಲ್ಲ, ವಿಷಯವೇ ತಪ್ಪುತ್ತದೆ.

ಚೆಕ್ ಕೂಡ ಹೀಗೇ. ಬರೆಯುವುದಕ್ಕೆ ರೈಟ್ ಅಥವಾ ಇಶ್ಯೂ, ನಗದು ಮಾಡಿಕೊಳ್ಳುವುದಕ್ಕೆ ಕ್ಯಾಶ್ ಎ ಚೆಕ್. ಬ್ಯಾಂಕು ಹಣ ಕೊಟ್ಟರೆ ಆನರ್, ಕೊಡದೆ ವಾಪಸ್ ಕಳಿಸಿದರೆ ಡಿಸ್‌ಆನರ್. ಆಡುಮಾತಿನಲ್ಲಿ ಚೆಕ್ ಬೌನ್ಸ್ ಆಯಿತು ಅನ್ನುತ್ತೇವೆ, ದ ಚೆಕ್ ಬೌನ್ಸ್ಡ್ ಅಂದರೆ ಇಂಗ್ಲಿಷ್‌ನಲ್ಲೂ ಸರಿ. ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಮಾತು ಬಂದರೆ ಡಿಸ್‌ಆನರ್ ಅನ್ನಬೇಕು. ನಷ್ಟಕ್ಕೆ ಸಫರ್ ಎ ಲಾಸ್ ಅಥವಾ ಇನ್‌ಕರ್ ಎ ಲಾಸ್. ಖರ್ಚಿಗೆ ಇನ್‌ಕರ್ ಆಗುತ್ತದೆ, ಸಫರ್ ಆಗುವುದಿಲ್ಲ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಒಳ್ಳೆ ರೇಟು ಸಿಕ್ಕಿತು ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಚೆಂದದ ಜೋಡಿ ಇದೆ: ‘ದ ಚಿಲೀಸ್ ಫೆಚ್ಡ್ ಎ ಗುಡ್ ಪ್ರೈಸ್.’ ಗಾಟ್ ಗುಡ್ ರೇಟ್ ಅಂದರೂ ಅರ್ಥವಾಗುತ್ತದೆ. ಫೆಚ್ ಅಂದರೆ ಬರೆದವನಿಗೆ ಭಾಷೆ ಗೊತ್ತು ಅಂತ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಇದನ್ನು ನಮ್ಮ ಕಡೆಯ ಪುಸ್ತಕಗಳಲ್ಲಿ ಹೇಳುವುದು ಕಮ್ಮಿ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಕೆಲವು ಪದಗಳು ಕೆಟ್ಟದ್ದರ ಜೊತೆಗೇ ಹೋಗುತ್ತವೆ. ಕಾಸ್ ಅನ್ನುವ ಕ್ರಿಯಾಪದ ನೋಡಿ. ನಿಘಂಟಿನಲ್ಲಿ ‘ಉಂಟುಮಾಡು, ಕಾರಣವಾಗು’ ಅಂತ ಇರುತ್ತದೆ. ಅದರಲ್ಲಿ ಒಳ್ಳೆಯದು ಕೆಟ್ಟದ್ದು ಏನೂ ಇಲ್ಲ. ಆದರೆ ಬಳಕೆಯಲ್ಲಿ ಕಾಸ್ ಡ್ಯಾಮೇಜ್, ಕಾಸ್ ಪ್ರಾಬ್ಲಮ್ಸ್, ಕಾಸ್ ಎ ಡಿಲೇ, ಕಾಸ್ ಆ್ಯನ್ ಆಕ್ಸಿಡೆಂಟ್. ಕನ್ನಡದಲ್ಲಿ ‘ತಾಯಿಯೇ ನನ್ನ ಯಶಸ್ಸಿಗೆ ಕಾರಣ’ ಅಂತ ಧಾರಾಳವಾಗಿ ಹೇಳುತ್ತೇವೆ. ‘ಮೈ ಮದರ್ ಕಾಸ್ಡ್ ಮೈ ಸಕ್ಸೆಸ್’ ಅಂದರೆ ಕೇಳುವವರಿಗೆ ಕಿರಿಕಿರಿ. ‘ಐ ಓ ಮೈ ಸಕ್ಸೆಸ್ ಟು ಮೈ ಮದರ್’ ಅನ್ನಬೇಕು. ಹೀಗೇ ಸೆಟ್ ಇನ್ (ಬಂದು ನೆಲೆಯೂರು) ಅನ್ನುವುದು ಕೊಳೆತ, ಹತಾಶೆ, ಕೆಟ್ಟ ಹವೆ ಇಂಥವುಗಳ ಜೊತೆ ಬರುತ್ತದೆ ಅಂತ ಜಾನ್ ಸಿಂಕ್ಲೇರ್ ತೋರಿಸಿದರು. ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಪ್ಯೂಟರಿಗೆ ಲಕ್ಷಾಂತರ ವಾಕ್ಯ ತುಂಬಿ, ಪದಗಳ ಪಕ್ಕ ಏನೇನು ಬರುತ್ತದೆ ಅಂತ ಎಣಿಸಿ, ಅದರ ಮೇಲೆ 1987ರಲ್ಲಿ ನಿಘಂಟು ಹೊರತಂದವರು. ನಮ್ಮಲ್ಲೂ ಈ ಸೂಕ್ಷ್ಮ ಇದೆ. ಸಿಡಿಲು ಬಡಿಯುತ್ತದೆ, ಗರ ಬಡಿಯುತ್ತದೆ. ಅದೃಷ್ಟ ಬಡಿಯುವುದಿಲ್ಲ, ಖುಲಾಯಿಸುತ್ತದೆ.

ಸಣ್ಣ ಪದಗಳ ಜೋಡಿಗೆ ಬಂದರೆ, ಅಲ್ಲಿ ನಮ್ಮ ಕನ್ನಡದ ಸಣ್ಣ ಪದಗಳು ಇಣುಕುತ್ತವೆ. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವುದರಿಂದ ‘ಡಿಸ್ಕಸ್ ಅಬೌಟ್’ ಹುಟ್ಟುತ್ತದೆ. ಅಬೌಟ್ ಬೇಡ, ವಿ ಡಿಸ್ಕಸ್ಡ್ ದ ಪ್ರಾಬ್ಲಮ್. ‘ಅವಳ ಜೊತೆ ಮದುವೆಯಾಯಿತು’ ಅನ್ನುವುದರಿಂದ ಮ್ಯಾರೀಡ್ ವಿತ್. ಅದು ಮ್ಯಾರೀಡ್ ಟು. ‘ನನ್ನ ಮೇಲೆ ಸಿಟ್ಟು’ ಅನ್ನುವುದರಿಂದ ಆ್ಯಂಗ್ರಿ ಆನ್ ಮಿ. ಅದು ಆ್ಯಂಗ್ರಿ ವಿತ್ ಮಿ. ಎರರ್ ಹುಡುಕುವ ಪ್ರಶ್ನೆಗಳಲ್ಲಿ ಇವು ಸಾಮಾನ್ಯ. ಕನ್ನಡದ ಬಗ್ಗೆ, ಜೊತೆ, ಮೇಲೆ ಮನಸ್ಸಿನಲ್ಲಿ ಮೂಡಿದರೆ ಎಚ್ಚರ.

‘ಅಂಡ್’ ಹಾಕಿ ಕಟ್ಟುವ ಜೋಡಿಗಳೂ ಇವೆ. ಬ್ರೆಡ್ ಅಂಡ್ ಬಟರ್, ಸಾಲ್ಟ್ ಅಂಡ್ ಪೆಪರ್, ಸೇಫ್ ಅಂಡ್ ಸೌಂಡ್, ಪ್ರಾಫಿಟ್ ಅಂಡ್ ಲಾಸ್. ಇವುಗಳ ಕ್ರಮ ಬದಲಿಸಬಾರದು. ಮಳೆ–ಬೆಳೆ ಅನ್ನುತ್ತೇವೆ, ಬೆಳೆ–ಮಳೆ ಅನ್ನುವುದಿಲ್ಲ, ಅಲ್ವಾ? ಅಷ್ಟೇ ವಿಷಯ. ಓದುತ್ತಾ ಓದುತ್ತಾ ತಾವಾಗಿಯೇ ಬರುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಧಾರವಾಡದ ರೂಮುಗಳಲ್ಲಿ, ಲೈಬ್ರರಿಗಳಲ್ಲಿ ‘ಇದೊಂದೇ ಸರಿ, ಉಳಿದದ್ದೆಲ್ಲಾ ತಪ್ಪು’ ಅನ್ನುವ ವಾದ ಜಾಸ್ತಿ. ಹಾಗೆ ಇರುವುದಿಲ್ಲ. ಬ್ರಿಟಿಷರು ಹೆಚ್ಚಾಗಿ ಹ್ಯಾವ್ ಎ ಬಾತ್ ಅಂತಾರೆ, ಅಮೆರಿಕದವರು ಟೇಕ್ ಎ ಬಾತ್ ಅಂತಾರೆ. ಮೇಕ್ ಎ ಡಿಸಿಷನ್ ಹೆಚ್ಚು ಬಳಕೆಯಲ್ಲಿದೆ, ಟೇಕ್ ಎ ಡಿಸಿಷನ್ ಕೂಡ ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಸರಿಯೇ. ನಾವು ‘ಪರೀಕ್ಷೆ ಬರೆಯುತ್ತೇವೆ’, ಅದನ್ನೇ ರೈಟ್ ಆ್ಯನ್ ಎಗ್ಸಾಮ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಬ್ರಿಟನ್‌ನಲ್ಲಿ ಟೇಕ್ ಅಥವಾ ಸಿಟ್ ಅನ್ನುತ್ತಾರೆ, ನಿಜ. ಆದರೆ ಕೆನಡಾದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ರೈಟ್ ಆ್ಯನ್ ಎಗ್ಸಾಮ್ ದಿನದ ಬಳಕೆಯಲ್ಲಿದೆ. ಹಾಗಾಗಿ ಅದನ್ನು ತಪ್ಪು ಅನ್ನುವುದು ಅನ್ಯಾಯ. ಪರೀಕ್ಷೆಯ ಉತ್ತರದಲ್ಲಿ ಮಾತ್ರ ಎಲ್ಲರೂ ಒಪ್ಪುವ ಟೇಕ್ ಹಾಕಿ. ಅಲ್ಲಿ ವಾದಕ್ಕೆ ಜಾಗ ಇಲ್ಲ.

ಕಲಿಯುವುದು ಹೇಗೆ? ಹಳೆಯ ಪಟ್ಟಿ ಪಕ್ಕಕ್ಕಿಡಿ. ಹೊಸ ನೋಟ್‌ಬುಕ್ ತಗೊಳ್ಳಿ. ಪ್ರತಿ ಪುಟದ ನಡುವೆ ಒಂದು ಹೆಸರುಪದ ಬರೆಯಿರಿ, ಡಿಸಿಷನ್, ಪ್ರಾಬ್ಲಮ್, ರೂಲ್, ಅಟೆನ್ಷನ್ ಹೀಗೆ. ಓದುವಾಗ ಆ ಪದ ಸಿಕ್ಕಾಗಲೆಲ್ಲಾ ಅದರ ಎಡಕ್ಕೆ ಯಾವ ಕ್ರಿಯಾಪದ ಬಂದಿದೆ, ಯಾವ ವಿಶೇಷಣ ಬಂದಿದೆ ಬರೆಯಿರಿ. ರೂಲ್ ಪುಟದಲ್ಲಿ ಫಾಲೋ, ಬ್ರೇಕ್, ಬೆಂಡ್, ಸ್ಟ್ರಿಕ್ಟ್ ಸೇರಿಕೊಳ್ಳುತ್ತವೆ. ಕನ್ನಡಕ್ಕೆ ಹೊಂದದ ಜೋಡಿಗೆ ಮಾತ್ರ ಕೆಂಪು ಗುರುತು ಹಾಕಿ. ಅದರ ಕೆಳಗೆ ನಿಮ್ಮ ಊರು, ನಿಮ್ಮ ಮನೆ, ನಿಮ್ಮ ಹೊಲದ ಬಗ್ಗೆ ಒಂದು ವಾಕ್ಯ ಕಟ್ಟಿ. ಅಟೆನ್ಷನ್ ಜೊತೆ ಪೇ ಬರುತ್ತದೆ, ಗಿವ್ ಅಷ್ಟಾಗಿ ಬರುವುದಿಲ್ಲ. ಹಾಗಾದರೆ ‘ಮೈ ಬ್ರದರ್ ಪೇಸ್ ನೋ ಅಟೆನ್ಷನ್ ಟು ಹಿಸ್ ಸ್ಟಡೀಸ್’ ಅಂತ ಬರೆದುಬಿಡಿ, ಮರೆಯುವುದಿಲ್ಲ. ಪುಸ್ತಕದ ವಾಕ್ಯ ನಕಲು ಮಾಡಿದರೆ ಅದು ನಿಮ್ಮದಾಗುವುದಿಲ್ಲ.

ನಮ್ಮ ಊರಿಗೆ ಸಂಬಂಧಪಟ್ಟ ಒಂದು ಮಾತು ಇಲ್ಲಿ ಹೇಳಬೇಕು. ಜರ್ಮನಿಯಿಂದ ಬಾಸೆಲ್ ಮಿಷನ್ ಮೂಲಕ 1853ರಲ್ಲಿ ಇತ್ತ ಬಂದು ಕನ್ನಡ ಕಲಿತ ಫರ್ಡಿನಾಂಡ್ ಕಿಟೆಲ್ ಹೆಸರು ಧಾರವಾಡದವರಿಗೆ ಗೊತ್ತು, ಅವರ ಹೆಸರಿನ ಕಾಲೇಜೇ ಇಲ್ಲಿದೆ. 1894ರಲ್ಲಿ ಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಅರ್ಥದ ಜೊತೆ ಬಳಕೆಗಳಿವೆ, ಗಾದೆಗಳಿವೆ. ಹೊರಗಿನಿಂದ ಬಂದವರು ಕನ್ನಡದ ಪದವನ್ನು ಅದರ ಬಳಗದ ಸಮೇತ ಹಿಡಿದರು. ನೀವು ಇಂಗ್ಲಿಷ್ ಪದವನ್ನು ಹಾಗೇ ಹಿಡಿಯಿರಿ ಅಂತ ನಾನು ಕೇಳುತ್ತಿರುವುದು.

ಅನುಮಾನ ಬಂದಾಗ ನೋಡುವುದಕ್ಕೆ ಕೊಲೊಕೇಶನ್ ನಿಘಂಟುಗಳೇ ಇವೆ. ಆಕ್ಸ್‌ಫರ್ಡ್‌ನದು 2002ರಿಂದ ಸಿಗುತ್ತದೆ. ಅದನ್ನು ನೋಡುವಾಗಲೂ ಹೆಸರುಪದದ ಕೆಳಗೇ ಹುಡುಕಬೇಕು. ಮೇಕ್ ಅಂತ ಹುಡುಕಿದರೆ ಕೆಲಸ ಆಗುವುದಿಲ್ಲ, ಮಿಸ್ಟೇಕ್ ಅಂತ ಹುಡುಕಿ. ಕೊಳ್ಳುವುದು ಭಾರ ಅನಿಸಿದರೆ ಲೈಬ್ರರಿಯಲ್ಲಿ ಕೇಳಿ. ಮೊಬೈಲಿನಲ್ಲಿ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೂ ಒಂದು ಅಂದಾಜು ಸಿಗುತ್ತದೆ. ಆದರೆ ಸಿಕ್ಕ ವಾಕ್ಯ ಎಂಥವರು ಬರೆದದ್ದು ಅಂತ ನೋಡಿ ನಂಬಿ. ಒಳ್ಳೆಯ ಪತ್ರಿಕೆಯ ವಾಕ್ಯವಾದರೆ ನಂಬಬಹುದು, ಜಾಹೀರಾತು ಆದರೆ ಬೇಡ.

ಪರೀಕ್ಷೆಯ ಕೋಣೆಯಲ್ಲಿ ಸಮಯ ಕಮ್ಮಿ. ಖಾಲಿ ಜಾಗಕ್ಕೆ ಕ್ರಿಯಾಪದ ತುಂಬಬೇಕಾದಾಗ ಹೆಚ್ಚಿನವರು ಖಾಲಿ ಜಾಗದ ತನಕ ಓದಿ ಆಯ್ಕೆಗಳಿಗೆ ಹಾರುತ್ತಾರೆ. ಹಾಗೆ ಮಾಡಬೇಡಿ. ಖಾಲಿ ಜಾಗ ದಾಟಿ ಮುಂದೆ ಹೋಗಿ, ಅಲ್ಲಿರುವ ಹೆಸರುಪದ ಯಾವುದು ನೋಡಿ. ‘ದ ಕಂಪನಿ ಫೇಲ್ಡ್ ಟು ಡ್ಯಾಶ್ ದ ಡೆಡ್‌ಲೈನ್’ ಅಂತ ಇದ್ದು, ಆಯ್ಕೆಯಲ್ಲಿ ರೀಚ್, ಮೀಟ್, ಟಚ್, ಕಂಪ್ಲೀಟ್ ಇವೆ ಅಂದುಕೊಳ್ಳಿ. ಕನ್ನಡದಲ್ಲಿ ಗಡುವಿನೊಳಗೆ ಕೆಲಸ ಮುಗಿಸುತ್ತೇವೆ, ಹಾಗಾಗಿ ಕೈ ಕಂಪ್ಲೀಟ್ ಕಡೆ ಹೋಗುತ್ತದೆ. ಡೆಡ್‌ಲೈನ್ ಬಯಸುವುದು ಮೀಟ್. ಡಿಮಾಂಡ್, ಟಾರ್ಗೆಟ್, ನೀಡ್ಸ್ ಇವೂ ಮೀಟ್ ಜೊತೆಯೇ ಬರುತ್ತವೆ. ನಾಲ್ಕನ್ನೂ ಇವತ್ತೇ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ.